ಹಳದಿ ಡಬ್ಬಿಯಲ್ಲಿ ನೀಲಿ ಚೀಟಿ

ಅವನನ್ನು ನಾವೆಲ್ಲ ಇಸ್ತ್ರಿ ಎಂದು ಕರೆಯುವುದು. ಎದುರಿಗಲ್ಲ, ಬೆನ್ನ ಹಿಂದೆ. ಹೆತ್ತವಳ ಹೊಟ್ಟೆಯಿಂದಲೇ ಗರಿಗರಿ ಅಂಗಿ ಹಾಕಿಕೊಂಡು ಬಂದವನ ಹಾಗೆ ಓಡಾಡುತ್ತಾನೆ. ನಮ್ಮ ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟದ ಮ್ಯಾನೇಜರು. ಆ ಮಂಗಳವಾರ ಬೆಳಗಿನ ಟೀ ಬಿಡುವಿನಲ್ಲಿ ನನ್ನನ್ನು ಕೋಣೆಗೆ ಕರೆಸಿ, ಮೇಜಿನ ಮೇಲಿದ್ದ ಒಂದು ಕಾಗದವನ್ನು ಎರಡೇ ಬೆರಳಿನಿಂದ ನನ್ನ ಕಡೆಗೆ ತಳ್ಳಿದ, ಸತ್ತ ಜಿರಲೆಯನ್ನು ತಳ್ಳುವ ಹಾಗೆ.

"ಓದಿ. ನಿಮ್ಮ ಲೈನಿನ ಕರ್ಮಕಾಂಡ," ಎಂದ.

ಕಾಗದ ಪರದೇಶದ ಭಾಷೆಯಲ್ಲಿತ್ತು. ಆ ಭಾಷೆ ನನಗೆ ಮಾತಾಡಲು ಬರುವುದಿಲ್ಲ, ಓದಲು ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ಅದೇ ಭಾಷೆಯ ಚೀಟಿಗಳನ್ನು ತಿದ್ದಿ ತಿದ್ದಿ ಕಲಿತದ್ದು. ಬರೆದವಳು ಎಲ್ಲೋ ದೂರದ ಒಂದು ದೇಶದ ಸಣ್ಣ ಆರೋಗ್ಯ ಕೇಂದ್ರದ ನರ್ಸ್. ನಿಮ್ಮ ಫಿಟ್ಸ್ ಮಾತ್ರೆಯನ್ನು ಆರು ವರ್ಷದಿಂದ ಕೊಡುತ್ತಿದ್ದೇನೆ, ಡಬ್ಬಿಯೊಳಗೆ ಯಾವತ್ತೂ ಅಂಗೈಯಷ್ಟು ಚೀಟಿ ಇರುತ್ತಿತ್ತು, ಈ ಸಲ ದೊಡ್ಡ ಹಾಳೆ ಬಂದಿದೆ ಎಂದು ಬರೆದಿದ್ದಳು. ಬಸುರಿಯರು ಈ ಮಾತ್ರೆ ತೆಗೆದುಕೊಂಡರೆ ಹುಟ್ಟುವ ಮಗುವಿನ ಮಿದುಳಿಗೆ, ಬೆನ್ನುಹುರಿಗೆ ಊನವಾಗಬಹುದು ಎಂದು ಅದರಲ್ಲಿದೆಯಂತೆ. ನಮ್ಮ ಹಳ್ಳಿಗಳಲ್ಲಿ ಇದನ್ನು ನುಂಗುವ ಹೆಂಗಸರು ನಲವತ್ತೊಂದು ಜನ, ಅವರಲ್ಲಿ ಈಗ ಬಸುರಿಯರು ಆರು ಜನ. ಯಾವ ಚೀಟಿ ಸರಿ? ಬೇಗ ತಿಳಿಸಿ. 'ಬೇಗ' ಎನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದಳು.

ನಾನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಕಿವಿಯೆಲ್ಲ ಬಿಸಿಯಾಗಿತ್ತು.

"ಹೇಗಾಯ್ತು ಇದು?" ಎಂದ ಇಸ್ತ್ರಿ. ಏನೂ ಗೊತ್ತಿಲ್ಲದವನ ಹಾಗೆ!

ಹೇಗಾಯಿತು ಎಂದು ಹೇಳುವ ಮೊದಲು ನಮ್ಮ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ನಾನು ಮೂರನೇ ಪ್ಯಾಕಿಂಗ್ ಲೈನಿನ ಮೇಲ್ವಿಚಾರಕಿ. ಕೋಪ ಮೂಗಿನ ತುದಿಯಲ್ಲಿರುತ್ತದೆ. ನನ್ನ ಗಂಡ ಹೇಳುವ ಪ್ರಕಾರ ಮೂಗೂ ಉದ್ದ. ನಮ್ಮ ಲೈನಿಗೆ ಮಾತ್ರೆ ಬರುತ್ತದೆ, ತೆಳು ತಗಡಿನ ಹಾಳೆಯೊಳಗೆ ಕೂರುತ್ತದೆ, ಹಾಳೆ ಡಬ್ಬಿಯೊಳಗೆ ಹೋಗುತ್ತದೆ, ಜೊತೆಗೆ ಮಡಿಸಿದ ಒಂದು ಚೀಟಿ ಹೋಗುತ್ತದೆ, ಡಬ್ಬಿ ತೂಕದ ಯಂತ್ರದ ಮೇಲೆ ಹಾದು ಪೆಟ್ಟಿಗೆ ಸೇರುತ್ತದೆ. ಯಾವ ದೇಶಕ್ಕೆ ಎಂದು ನಾವು ಹೆಸರು ಹೇಳುವುದಿಲ್ಲ, ಬಣ್ಣ ಹೇಳುತ್ತೇವೆ. ಲೈನಿನ ತಲೆಯ ಮೇಲೆ ಒಂದು ಬೋರ್ಡು ತೂಗುತ್ತದೆ. ನೀಲಿ ಎಂದರೆ ಕಟ್ಟುನಿಟ್ಟಿನ ದೇಶಗಳು, ಇನ್ಸ್‌ಪೆಕ್ಟರುಗಳನ್ನು ಕಳಿಸಿ ಟೋಪಿಯೊಳಗಿನ ಕೂದಲನ್ನೂ ಎಣಿಸುವವರು. ಹಸಿರು ಎಂದರೆ ಕಾಗದಪತ್ರ ಸರಿಯಿದ್ದರೆ ಸಾಕು ಎನ್ನುವವರು. ಹಳದಿ ಎಂದರೆ ಏನನ್ನೂ ಕೇಳದವರು; ಕೇಳುವುದಕ್ಕೆ ಅವರ ಹತ್ತಿರ ಜನವೂ ಇಲ್ಲ, ಪ್ರಯೋಗಾಲಯವೂ ಇಲ್ಲ. ನಮ್ಮ ಸ್ವಂತ ದೇಶಕ್ಕೆ ಬೋರ್ಡೇ ಇಲ್ಲ. ಅದನ್ನು ನೆನೆದರೆ ಬೇರೆಯೇ ಕೋಪ ಬರುತ್ತದೆ, ಅದು ಈಗ ಬೇಡ.

ಮಾತ್ರೆ ಒಂದೇ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೊರಗಿನವರು ಹಳದಿಗೆ ಕಲಬೆರಕೆ ಹೋಗುತ್ತದೆ ಎಂದುಕೊಳ್ಳುತ್ತಾರೆ. ಇಲ್ಲ. ಅದೇ ಪುಡಿ, ಅದೇ ಅಚ್ಚು, ಅದೇ ಬೆಳಗ್ಗೆ ಒತ್ತಿದ್ದು. ಬೇರೆಯಾಗಿರುವುದು ಮೇಲಿನ ಮಾರಾಟದ ಹೆಸರು, ಮತ್ತೆ ಅದರ ಜೊತೆ ಹೋಗುವ ಮಾತು ಮಾತ್ರ. ನೀಲಿಯ ಚೀಟಿ ಬಿಚ್ಚಿದರೆ ಮೇಜು ತುಂಬುತ್ತದೆ, ನಾವು ಅದಕ್ಕೆ ಚಾದರ ಎನ್ನುತ್ತೇವೆ. ಹಳದಿಯದು ಬಸ್ಸಿನ ಟಿಕೆಟ್ಟಿನಷ್ಟು. ದಿನಕ್ಕೆ ಎರಡು ಸಲ, ಊಟದ ನಂತರ, ತಣ್ಣಗಿನ ಜಾಗದಲ್ಲಿಡಿ, ಮಕ್ಕಳ ಕೈಗೆ ಸಿಗದಂತಿಡಿ. ಮುಗಿಯಿತು. ಚಾದರದ ಎರಡನೇ ಮಡಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಚೌಕಟ್ಟು ಹಾಕಿ ಬರೆದ ಬಸುರಿಯರ ಮಾತು ಟಿಕೆಟ್ಟಿನಲ್ಲಿ ಇಲ್ಲ. ಆ ದೇಶದ ನಿಯಮ ಕೇಳುವುದಿಲ್ಲ, ಆದ್ದರಿಂದ ಅಚ್ಚು ಹಾಕುವುದಿಲ್ಲ. ಮಸಿ ಉಳಿಯಿತು ನೋಡಿ!

ಎರಡು ತಿಂಗಳ ಹಿಂದೆ ನೀಲಿ ದೇಶದ ಇನ್ಸ್‌ಪೆಕ್ಟರುಗಳು ಬಂದಿದ್ದರು. ಅವರು ಬರುವ ದಿನ ನಮ್ಮಲ್ಲಿ ಹಳದಿ ಬಣ್ಣವೇ ಕಾಣಿಸಕೂಡದು. ಅದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಹಳದಿ ಬೋರ್ಡು, ಹಳದಿ ಟ್ರೇ, ಟಿಕೆಟ್ಟುಗಳ ಕಟ್ಟು, ಎಲ್ಲವೂ ಹಿಂದಿನ ದಿನವೇ ಕ್ಯಾಂಟೀನಿನ ಉಗ್ರಾಣಕ್ಕೆ ಹೋಗಿ ಎಣ್ಣೆ ಡಬ್ಬಗಳ ಹಿಂದೆ ಅಡಗಿ ಕೂರುತ್ತವೆ. ಒಂದೇ ಮಾತ್ರೆಗೆ ಎರಡು ನಾಲಿಗೆ ಯಾಕೆ ಎಂದು ಯಾರಾದರೂ ಕೇಳಿಬಿಟ್ಟರೆ? ಅವತ್ತು ನಾಲ್ಕೂ ಲೈನಿನ ಮೇಲೆ ನೀಲಿ ಬೋರ್ಡು. ಲೆಕ್ಕದ ಪುಸ್ತಕವನ್ನು ಸಂಜೆ ತುಂಬಿಸಬೇಕಾದದ್ದು, ತೋರಿಸಲು ಚೆನ್ನಾಗಿರಲಿ ಎಂದು ಬೆಳಗ್ಗೆಯೇ ತುಂಬಿಸಿಟ್ಟಿದ್ದೆವು.

ಆದರೆ ಹಳದಿಯ ಒಂದು ಆರ್ಡರು ಅವತ್ತೇ ಹಡಗಿಗೆ ಹೋಗಬೇಕಿತ್ತು. ಮೂರು ಸಾವಿರದ ಆರುನೂರು ಡಬ್ಬಿ. ಇಸ್ತ್ರಿ ಹನ್ನೆರಡೂವರೆಗೆ ನನ್ನ ಕಿವಿಯ ಹತ್ತಿರ ಬಂದ. "ಅವರು ಊಟಕ್ಕೆ ಕೂತಿದ್ದಾರೆ, ಒಂದೂವರೆ ಗಂಟೆ ಏಳಲ್ಲ. ಅಷ್ಟರಲ್ಲಿ ಹಳದಿ ಓಡಿಸಿ ಮುಗಿಸಿ. ಬೋರ್ಡು ಮಾತ್ರ ಮುಟ್ಟಬೇಡಿ, ನೀಲಿಯೇ ಇರಲಿ. ಮತ್ತೆ ನೀವು ಬಾಗಿಲ ಹತ್ರ ನಿಂತ್ಕೊಳ್ಳಿ, ಅವರು ಎದ್ದರೆ ಸನ್ನೆ ಮಾಡಿ." ಹಳದಿಯ ಖಾಲಿ ಡಬ್ಬಿಗಳು ಬಟ್ಟೆ ಮುಚ್ಚಿಕೊಂಡು ತಳ್ಳುಗಾಡಿಯಲ್ಲಿ ಬಂದವು. ಟಿಕೆಟ್ಟುಗಳನ್ನು ಉಗ್ರಾಣದಿಂದ ತರಿಸಬೇಕೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಲೈನಿನ ಹತ್ತಿರ ಇರಬೇಕಾದ ನಾನು ಕಳ್ಳರಿಗೆ ಕಾವಲು ನಿಂತವಳ ಹಾಗೆ ಬಾಗಿಲಲ್ಲಿ ನಿಂತು, ದೊಡ್ಡ ಮನುಷ್ಯರು ಕೈ ತೊಳೆಯುತ್ತಾರಾ ಎಂದು ಇಣುಕುತ್ತಿದ್ದೆ.

ಚೀಟಿ ತುಂಬುವ ಜಾಗದಲ್ಲಿ ನಿಂತಿದ್ದವಳು ನನ್ನ ನಾದಿನಿ, ನನ್ನ ಗಂಡನ ತಂಗಿ. ಅವಳ ಗಂಡ ತೀರಿಹೋದ ಮೇಲೆ ನಾನೇ ಅವಳನ್ನು ಇಲ್ಲಿಗೆ ಸೇರಿಸಿದ್ದು, ನಾಲ್ಕು ವರ್ಷವಾಯಿತು. ಕೆಲಸ ಕಲಿಸಿದವಳೂ ನಾನೇ. "ಬೋರ್ಡು ನೋಡು, ಆ ಬಣ್ಣದ ಕಪಾಟಿನಿಂದ ಚೀಟಿ ತಗೋ, ತುಂಬು. ತಲೆ ಓಡಿಸಬೇಡ" ಎಂದು ಕಲಿಸಿದ್ದೆ. ಅವಳು ಬೋರ್ಡು ನೋಡಿದಳು. ನೀಲಿ ಇತ್ತು. ನೀಲಿ ತುಂಬಿದಳು. ತೂಕದ ಯಂತ್ರ ಹಳದಿ ಓಡುವಾಗ ಸದಾ ಬಂದ್ ಆಗಿರುತ್ತದೆ, ಸುಮ್ಮನೆ ಕಿರುಚುತ್ತದೆ ಎಂದು. ಅವತ್ತು ತೋರಿಕೆಗೆಂದು ಚಾಲೂ ಇತ್ತು, ನೀಲಿಯ ತೂಕಕ್ಕೆ ಹೊಂದಿಸಿಟ್ಟಿದ್ದರು. ಅದೂ ಸರಿ ಸರಿ ಎಂದು ಹಸಿರು ದೀಪ ತೋರಿಸುತ್ತಾ ಹೋಯಿತು. ಹೀಗೆ ನಮ್ಮ ಕಾರ್ಖಾನೆಯಿಂದ ಹಳದಿಯ ಊರಿಗೆ ನಿಜ ಹೇಳುವ ಮೂರು ಸಾವಿರದ ಆರುನೂರು ಡಬ್ಬಿ ಹೋದವು, ತಪ್ಪಿ.

ಅದನ್ನೇ ನಾನು ಅವನ ಕೋಣೆಯಲ್ಲಿ ಹೇಳಿದೆ. ಮೆತ್ತಗೆ ಹೇಳಲಿಲ್ಲ.

"ಹೇಗಾಯ್ತು ಅಂತ ನನ್ನ ಕೇಳ್ತೀರಾ ಸಾರ್? ನೀಲಿ ಬೋರ್ಡು ಇಳಿಸಬೇಡಿ ಅಂದವರು ಯಾರು? ನನ್ನ ಬಾಗಿಲಲ್ಲಿ ನಿಲ್ಲಿಸಿದವರು ಯಾರು? ಫಾರಂ ಕೊಡಿ ಇಲ್ಲಿ, ಬರೀತೀನಿ."

ತಪ್ಪಾದಾಗ ತುಂಬುವ ಫಾರಂ ನಮ್ಮಲ್ಲಿದೆ. ಅದರಲ್ಲಿ 'ಮೂಲ ಕಾರಣ' ಎಂದು ಒಂದು ಚೌಕ. ಇಪ್ಪತ್ತೆರಡು ವರ್ಷದಲ್ಲಿ ಆ ಚೌಕದಲ್ಲಿ ಕೈಕೆಳಗಿನವರ ಹೆಸರು ಬಿಟ್ಟು ಬೇರೆ ಯಾವ ಕಾರಣವನ್ನೂ ನಾನು ಕಂಡಿಲ್ಲ. ನಾನು ಬರೆದೆ: ಮ್ಯಾನೇಜರರ ಮಾತಿನ ಮೇಲೆ ಹಳದಿ ಕೆಲಸವನ್ನು ನೀಲಿ ಬೋರ್ಡಿನ ಕೆಳಗೆ ಓಡಿಸಿದ್ದರಿಂದ. ಪೆನ್ನು ಕಾಗದ ಹರಿಯುವಷ್ಟು ಒತ್ತಿ ಬರೆದೆ.

ಇಸ್ತ್ರಿ ಓದಿದ. ಕೂಗಲಿಲ್ಲ, ಅವನು ಕೂಗುವವನಲ್ಲ. ನೀಟಾಗಿ ಮಡಿಸಿದ, ನೀಟಾಗಿ ಎರಡಾಗಿ ಹರಿದ, ಬುಟ್ಟಿಗೆ ಹಾಕಿದ.

"ಇದನ್ನ ನೀಲಿಯವರು ನೋಡಿದ್ರೆ ಕಾರ್ಖಾನೆಗೆ ಬೀಗ. ನಾನೂರು ಜನ ಬೀದಿಗೆ ಬೀಳ್ತಾರೆ. ನಿಮಗೆ ಬೇಕಾ ಅದು?"

"ನನಗೆ ಬೇಕಾ ಅಂದ್ರೆ? ನಾನೇನು ಬೋರ್ಡು..."

"ಕೇಳಿ ಇಲ್ಲಿ. ಎರಡು ದಾರಿ ಇದೆ." ಎರಡು ಬೆರಳು ಎತ್ತಿದ. "ಒಂದು, ಕೆಲಸಗಾರ್ತಿ ಇದೇ ಮಾತ್ರೆಯ ಬೇರೆ ದೇಶದ ಚೀಟಿ ಹಾಕಿದಳು ಅಂತ ಬರೆಯೋದು. ಹಾಗೆ ಬರೆದ್ರೆ ಕ್ರಮ ತಗೋಬೇಕು, ಅವಳು ಹೋಗ್ತಾಳೆ. ನಿಮ್ಮ ನಾದಿನಿ ಅಲ್ವಾ? ಇನ್ನೊಂದು, ಅದು ಈ ಮಾತ್ರೆಯ ಚೀಟಿನೇ ಅಲ್ಲ, ಬೇರೆ ಯಾವುದೋ ಔಷಧಿದು, ಪ್ರೆಸ್ಸಿನವರು ಕಟ್ಟು ಬೆರೆಸಿ ಕಳಿಸಿದ್ರು ಅಂತ ಬರೆಯೋದು. ಪ್ರೆಸ್ಸಿನವನಿಗೆ ನಾನು ಹೇಳ್ಕೋತೀನಿ. ನಮ್ಮಲ್ಲಿ ಯಾರಿಗೂ ಏನೂ ಆಗಲ್ಲ. ನೀವೂ ಅವಳೂ ಸಹಿ ಹಾಕಿದ್ರೆ ಸಾಕು."

"ಮತ್ತೆ ಆ ನರ್ಸಿಗೆ?"

"ತಪ್ಪು ಚೀಟಿ, ಬೇರೆ ಔಷಧಿಯದು, ಹರಿದು ಬಿಸಾಕಿ, ಮಾತ್ರೆ ಮುಂದುವರಿಸಿ ಅಂತ ಬರೀತೀವಿ."

"ಆರು ಜನ ಬಸುರಿಯರು ಸಾರ್."

"ಅವರ ದೇಶದ ಸರ್ಕಾರಕ್ಕೇ ಇಲ್ಲದ ಚಿಂತೆ ನಿಮಗ್ಯಾಕೆ?" ಎಂದ. "ನಾಳೆ ಬೆಳಗ್ಗೆ ಒಂಬತ್ತಕ್ಕೆ ಇಬ್ಬರೂ ಬನ್ನಿ."

ಮೈಯೆಲ್ಲ ಉರಿದುಹೋಯಿತು. ಲೈನಿಗೆ ವಾಪಸು ಬಂದು ಟೋಪಿ ಸರಿಯಾಗಿ ಹಾಕಿಲ್ಲ ಎಂದು ಒಬ್ಬಳಿಗೆ, ಟ್ರೇ ಓರೆಯಾಗಿಟ್ಟ ಎಂದು ಇನ್ನೊಬ್ಬನಿಗೆ ಉಗಿದು ಉಪ್ಪಿನಕಾಯಿ ಹಾಕಿದೆ. ನಾದಿನಿ ತಲೆ ತಗ್ಗಿಸಿ ಚೀಟಿ ತುಂಬುತ್ತಿದ್ದಳು. ಅವಳ ಕೈ ಬಹಳ ಚುರುಕು, ಐವತ್ತರ ಕಟ್ಟನ್ನು ಒಂದೇ ಹಿಡಿತಕ್ಕೆ ಎತ್ತಿ ಕೂರಿಸುತ್ತಾಳೆ. ಅವಳಿಗೆ ಸಂಜೆ ಹೇಳಿದರಾಯಿತು ಎಂದುಕೊಂಡೆ.

ನಮ್ಮ ಮನೆ ಎರಡು ಕೋಣೆಯದು. ಮುಂದಿನ ಕೋಣೆ ಗಂಡನ ರಿಪೇರಿ ಮೇಜಿಗೆ ಹೋಗಿದೆ. ಯಾರ್ಯಾರ ಮನೆಯದೋ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತವೆ. ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ನಾದಿನಿ, ಅವಳ ಇಬ್ಬರು ಹೆಣ್ಣುಮಕ್ಕಳು. ಸಂಜೆ ಮಕ್ಕಳು ಮೇಲೆ ಓದುತ್ತಿದ್ದಾಗ ನಾನು ವಿಷಯ ಹೇಳಿದೆ. ಎಲ್ಲವನ್ನೂ ಹೇಳಿದೆನೆ? ಇಲ್ಲ. ಚೀಟಿ ತಪ್ಪಾಗಿ ಹೋಗಿದೆ, ಪರದೇಶದಿಂದ ದೂರು ಬಂದಿದೆ, ಅದು ಬೇರೆ ಔಷಧಿಯದು, ಪ್ರೆಸ್ಸಿನವರ ತಪ್ಪು ಎಂದು ಸಹಿ ಹಾಕಿದರೆ ಉಳಿಯುತ್ತೀಯ, ಇಲ್ಲವಾದರೆ ತಪ್ಪನ್ನು ನಿನ್ನ ತಲೆಗೆ ಕಟ್ಟುತ್ತಾರೆ ಎಂದೆ. ಚೀಟಿಯಲ್ಲಿ ಏನು ಬರೆದಿದೆ ಎನ್ನುವುದನ್ನು ನುಂಗಿಕೊಂಡೆ.

"ನಾನು ಬೋರ್ಡು ನೋಡೇ ಹಾಕಿದ್ದು ಅತ್ತಿಗೆ."

"ಗೊತ್ತು ಕಣೇ, ಗೊತ್ತು! ನಿನ್ನ ತಪ್ಪು ಅಂತ ಯಾರು ಅಂದ್ರು? ಆ ಗರಿಗರಿ ಅಂಗಿಯವನನ್ನ ಹಿಡಿದು ತೂಕದ ಯಂತ್ರದ ಮೇಲೆ ಕೂರಿಸಿ..."

"ಕೂಗಬೇಡ್ವೇ, ಮಕ್ಕಳು ಕೇಳ್ತಾವೆ," ಎಂದರು ನನ್ನ ಗಂಡ. ಸ್ಕ್ರೂಡ್ರೈವರನ್ನು ಬಾಯಿಯಲ್ಲಿ ಕಚ್ಚಿಕೊಂಡಿದ್ದರು, ತೆಗೆದರು. "ಇದರಲ್ಲಿ ಯೋಚನೆ ಮಾಡೋದು ಏನಿದೆ? ಪ್ರೆಸ್ಸಿನವನು ಹೂಂ ಅಂತಾನೆ ಅಂದ ಮೇಲೆ ಆಯ್ತಲ್ಲ. ಸಹಿ ಹಾಕಿ ಬನ್ನಿ. ಇವಳ ಕೆಲಸ ಹೋದ್ರೆ ಆ ಮಕ್ಕಳ ಗತಿ ಏನು? ದೊಡ್ಡದು ಮುಂದಿನ ವರ್ಷ ಕಾಲೇಜು."

"ನನಗೇನು ಗೊತ್ತಿಲ್ವಾ ರೀ?"

"ಗೊತ್ತಿದ್ರೆ ಸರಿ. ನಿನ್ನ ಬಾಯಿ ಒಂದು ದಿನ ಸುಮ್ಮನಿದ್ರೆ ಏನೂ ಉದುರಿಹೋಗಲ್ಲ."

ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವರು ಹಾಗೆ ಹೇಳಿದ್ದು ಅದೇ ಮೊದಲಲ್ಲ. ಅವತ್ತು ಮಾತ್ರ ಅದನ್ನು ಕೇಳಿಕೊಂಡೇ ಎದ್ದೆ. ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ನಿಜ ಹೇಳುತ್ತೇನೆ, ಅಷ್ಟರೊಳಗೆ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಸಹಿ ಹಾಕುವುದೇ. ಆ ಬಸುರಿಯರನ್ನು ನಾನು ಕಂಡಿಲ್ಲ, ಇವಳ ಮಕ್ಕಳನ್ನು ಕಂಡಿದ್ದೇನೆ. ಇಸ್ತ್ರಿಯನ್ನು ಬೈದುಕೊಳ್ಳುತ್ತಾ, ಹಲ್ಲು ಕಡಿಯುತ್ತಾ, ಅವನು ಹೇಳಿದ ಹಾಗೇ ಮಾಡುವುದು ಎಂದು ಗಟ್ಟಿ ಮಾಡಿಕೊಂಡು ಮಲಗಿದೆ. ನಿದ್ದೆಯೂ ಬಂತು, ಅದಕ್ಕೇನು ಕಡಿಮೆ.

ಬೆಳಗ್ಗೆ ಒಂಬತ್ತಕ್ಕೆ ಅವನ ಕೋಣೆಯಲ್ಲಿ ಇಬ್ಬರೂ ನಿಂತೆವು. ನಾದಿನಿ ಆ ಕೋಣೆಗೆ ಬಂದದ್ದು ಅದೇ ಮೊದಲು. ಚಪ್ಪಲಿ ಹೊರಗೆ ಬಿಡಬೇಕೇನೋ ಎಂದು ಬಾಗಿಲಲ್ಲೇ ತಡವರಿಸಿದಳು. ಮೇಜಿನ ಮೇಲೆ ಟೈಪ್ ಮಾಡಿದ ಹೇಳಿಕೆ ಸಿದ್ಧವಾಗಿತ್ತು, ಪಕ್ಕದಲ್ಲಿ ಬಿಚ್ಚಿ ಹರಡಿದ ಒಂದು ಚಾದರ, ಅದರ ಮೇಲೆ ನರ್ಸಿನ ಕಾಗದ.

"ಕೂತ್ಕೊಳಮ್ಮ," ಎಂದ ಇಸ್ತ್ರಿ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನ ಹಾಗೆ. "ಭಯಪಡಬೇಡ, ನಿನಗೇನೂ ಆಗಲ್ಲ. ಇಲ್ಲಿ ನಿನ್ನದು, ಅದರ ಕೆಳಗೆ ನಿಮ್ಮ ಅತ್ತಿಗೆದು."

ನಾನು ಪೆನ್ನು ತೆಗೆದುಕೊಂಡೆ. ನನ್ನ ಸಹಿ ಮೊದಲು ಹಾಕಿದರೆ ಅವಳಿಗೆ ಧೈರ್ಯ ಬರುತ್ತದೆ ಎಂದುಕೊಂಡೆ. ಆಗ ನಾದಿನಿ ಚಾದರದ ಕಡೆ ನೋಡಿ ಕೇಳಿದಳು.

"ಇದೇನಾ ಸಾರ್ ನಾನು ಹಾಕಿದ್ದು? ಬಿಚ್ಚಿದ್ದನ್ನ ನೋಡೇ ಇರಲಿಲ್ಲ. ಎಷ್ಟು ದೊಡ್ಡದಿದೆ!" ಬೆರಳಿನಿಂದ ಅಂಚು ಮುಟ್ಟಿದಳು. "ಏನು ಬರೆದಿದೆ ಇದರಲ್ಲಿ?"

"ಅದೆಲ್ಲ ನಿನಗ್ಯಾಕಮ್ಮ, ಔಷಧಿ ವಿಷಯ," ಎಂದ ಇಸ್ತ್ರಿ.

"ಅಲ್ಲ ಸಾರ್, ಇದು ಬೇರೆ ಔಷಧಿದು ಅಂತ ಸಹಿ ಹಾಕ್ಬೇಕಲ್ಲ. ಯಾವ ಔಷಧಿದು ಅಂತ ಕೇಳಿದೆ." ನನ್ನ ಕಡೆ ತಿರುಗಿದಳು. "ಅತ್ತಿಗೆ, ನಿಮಗೆ ಓದಕ್ಕೆ ಬರುತ್ತಲ್ಲ. ಇದು ಯಾವ ಔಷಧಿದು?"

ಕೋಣೆಯ ಏಸಿ ಗುಂಯ್ ಎನ್ನುತ್ತಿತ್ತು. ಇಸ್ತ್ರಿ ನನ್ನನ್ನೇ ನೋಡುತ್ತಿದ್ದ. ಬೇರೆಯದು ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು, ಅವಳು ನನ್ನನ್ನು ನಂಬುತ್ತಾಳೆ. ಯಾರಿಗೆ ಬೇಕಾದರೂ ಬೈಯಬಲ್ಲೆ ನಾನು, ಆದರೆ ಅವಳ ಕಣ್ಣಿನಲ್ಲಿ ಕಣ್ಣಿಟ್ಟು ಆ ಒಂದು ಸುಳ್ಳು ನಾಲಿಗೆಗೆ ಬರಲಿಲ್ಲ.

"ಇದೇ ಮಾತ್ರೆದು," ಎಂದೆ. "ಫಿಟ್ಸ್ ಮಾತ್ರೆದು."

"ಅಮ್ಮಾ!" ಎಂದ ಇಸ್ತ್ರಿ.

"ಏನು ಬರೆದಿದೆ?" ಎಂದಳು ನಾದಿನಿ.

ಓದಿದೆ. ಎರಡನೇ ಮಡಿಕೆಯ ಚೌಕಟ್ಟನ್ನು ನಮ್ಮ ಮಾತಿಗೆ ತಂದು ಓದಿದೆ. ಬಸುರಿಯರು, ಬಸುರಿಯಾಗಬಹುದಾದ ಹೆಂಗಸರು ಈ ಮಾತ್ರೆ ನುಂಗಬಾರದು, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ. ಮಗುವಿಗೆ ಹುಟ್ಟುವಾಗಲೇ ಊನ ಬರಬಹುದು. ಹುಟ್ಟಿದ ಮೇಲೆ ಮಾತು, ಬುದ್ಧಿ ತಡವಾಗಬಹುದು. ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಜೋರಾಗುತ್ತದೆ, ಕೂಡಲೇ ಡಾಕ್ಟರನ್ನು ನೋಡಿ, ಬದಲಿ ಔಷಧಿ ಇವೆ. ಆಮೇಲೆ ನರ್ಸಿನ ಕಾಗದವನ್ನೂ ಓದಿದೆ. ಓದುತ್ತಾ ಓದುತ್ತಾ ನನ್ನ ದನಿ ಎತ್ತರವಾಯಿತು. ಕೊನೆಗೆ 'ಬೇಗ ತಿಳಿಸಿ' ಎನ್ನುವಾಗ ಕಿರುಚುತ್ತಿದ್ದೆ ಎಂದು ಕಾಣುತ್ತದೆ, ಹೊರಗೆ ಗುಮಾಸ್ತೆಯ ಟೈಪಿಂಗು ನಿಂತುಹೋಯಿತು.

ನಾದಿನಿ ಚಾದರದ ಆ ಚೌಕಟ್ಟಿನ ಮೇಲೆ ಬೆರಳಿಟ್ಟಳು.

"ಹಳದಿ ಚೀಟಿಲಿ ಇದು ಇಲ್ವಾ?"

"ಇಲ್ಲ."

"ನಾನು ಇದಕ್ಕೆ ಸಹಿ ಹಾಕಲ್ಲ ಸಾರ್," ಎಂದಳು. ಅವಳ ದನಿ ಯಾವತ್ತೂ ಸಣ್ಣದು, ಈಗಲೂ ಸಣ್ಣದಾಗಿಯೇ ಇತ್ತು. "ಇನ್ನೊಂದು ದಾರಿ ಇದೆ ಅಂದ್ರಂತಲ್ಲ, ಅದನ್ನೇ ಬರೀರಿ. ಹಾಕಿದ್ದು ನಾನೇ. ಇದೇ ಮಾತ್ರೆ ಚೀಟಿನೇ ಹಾಕಿದ್ದೀನಿ. ಬೇರೆ ದೇಶದ್ದು, ಅಷ್ಟೇ."

"ಹುಚ್ಚು ಹಿಡಿದಿದೆಯೇನೇ ನಿನಗೆ?" ಎಂದೆ ನಾನು. ಹೌದು, ನಾನೇ ಎಂದದ್ದು. "ಮಕ್ಕಳ ಮುಖ ನೋಡು!"

"ಮಕ್ಕಳ ಮುಖ ನೋಡೇ ಹೇಳ್ತಿರೋದು ಅತ್ತಿಗೆ."

ಇಸ್ತ್ರಿ ಅವಳಿಗೆ ಬುದ್ಧಿ ಹೇಳಿದ. ಕೆಲಸ ಹೋದರೆ ಬೇರೆ ಕಡೆ ಸಿಗುವುದಿಲ್ಲ, ತಪ್ಪು ಮಾಡಿದವಳು ಎಂದು ಕಾಗದದಲ್ಲಿ ಬರೆದಿರುತ್ತದೆ, ಯಾವ ಔಷಧಿ ಕಾರ್ಖಾನೆಯೂ ಒಳಗೆ ಬಿಡುವುದಿಲ್ಲ ಎಂದ. ಅವಳು ಎಲ್ಲದಕ್ಕೂ ತಲೆ ಆಡಿಸಿದಳು, ಗೊತ್ತು ಸಾರ್, ಗೊತ್ತು ಸಾರ್ ಎಂದಳು. ಕೊನೆಗೆ ಅವನಿಗೇ ಬೇಸರವಾಗಿ ಗುಮಾಸ್ತೆಯನ್ನು ಕರೆದು ಬೇರೆ ಹೇಳಿಕೆ ಟೈಪ್ ಮಾಡಿಸಿದ. ಮೂಲ ಕಾರಣ: ಕೆಲಸಗಾರ್ತಿಯ ಅಜಾಗರೂಕತೆ. ನಾದಿನಿ ಒಂದೊಂದೇ ಅಕ್ಷರ ಜೋಡಿಸಿ ತನ್ನ ಹೆಸರು ಬರೆದಳು.

ಆಮೇಲೆ ನಾನು ಅಲುಗಲಿಲ್ಲ. "ನರ್ಸಿಗೆ ಹೋಗೋ ಕಾಗದ ನನ್ನ ಮುಂದೆ ಬರೀರಿ," ಎಂದೆ. "ಇದೇ ಮಾತ್ರೆ ಅನ್ನೋ ಮಾತು ಅದರಲ್ಲಿ ಇರ್ಬೇಕು. ಇಲ್ದಿದ್ರೆ ಇಲ್ಲೇ ಕೂತಿರ್ತೀನಿ, ನಿಮ್ಮ ಏಸಿ ಗಾಳಿ ಕುಡೀತಾ. ನೀಲಿಯವರ ವಿಳಾಸ ನನಗೂ ಗೊತ್ತು, ಚಾದರದ ಕೆಳಗೇ ಅಚ್ಚಾಗಿದೆ." ಅವನ ಗರಿಗರಿ ಕಾಲರಿನ ಹಿಂದೆ ಬೆವರು ಬಂದದ್ದನ್ನು ಅವತ್ತೇ ನಾನು ಮೊದಲು ಕಂಡದ್ದು. ಬರೆದ. ಬರೆದು ಮುಗಿಸಿ, ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತಾ ಓದಿ ತೋರಿಸಿದ: "ತಮಗೆ ತಲುಪಿದ ಚೀಟಿ ಇದೇ ಮಾತ್ರೆಯದು, ಆದರೆ ಬೇರೆ ದೇಶಕ್ಕಾಗಿ ಅಚ್ಚಾದದ್ದು. ತಮ್ಮ ದೇಶದ ನಿಯಮದ ಪ್ರಕಾರ ಸದರಿ ಎಚ್ಚರಿಕೆ ಅಗತ್ಯವಿಲ್ಲ. ದಯವಿಟ್ಟು ಚೀಟಿಯನ್ನು ನಾಶಪಡಿಸಿ."

"ಇದರಲ್ಲಿ ಒಂದು ಸುಳ್ಳು ತೋರಿಸಿ ನೋಡೋಣ," ಎಂದ.

ಥೂ ನಿನ್ನ, ಎಂದು ಬಾಯಿಗೆ ಬಂದದ್ದನ್ನು ಈ ಸಲ ನುಂಗಲಿಲ್ಲ. ಇನ್ನೂ ನಾಲ್ಕು ಸೇರಿಸಿ ಹೇಳಿದೆ. ಅವನು ನನ್ನನ್ನು ತೆಗೆಯಲಿಲ್ಲ. ಮೂರನೇ ಲೈನು ನಡೆಸಲು ಬೇರೆ ಜನ ಇಲ್ಲ, ಅದು ಅವನಿಗೂ ಗೊತ್ತು. ಕಾಗದ ನನ್ನ ಕಣ್ಣೆದುರೇ ಲಕೋಟೆಗೆ ಹೋಯಿತು. ಆ ನರ್ಸು ದಡ್ಡಿಯಲ್ಲ, ಎರಡು ಚೀಟಿ ಪಕ್ಕಪಕ್ಕ ಇಟ್ಟು ಓದಿದವಳು. 'ಇದೇ ಮಾತ್ರೆ' ಎನ್ನುವ ಎರಡು ಪದ ಅವಳಿಗೆ ಸಾಕು ಎಂದುಕೊಂಡೆ.

ನಾದಿನಿಯ ಕೈಯಿಂದ ಗುರುತಿನ ಚೀಟಿ, ಕಪಾಟಿನ ಬೀಗದ ಕೈ, ಎರಡು ಜೊತೆ ಬಿಳಿ ಕೋಟು ವಾಪಸು ತೆಗೆದುಕೊಂಡರು. ಒಂದು ಕೋಟಿನ ಗುಂಡಿ ಹೋಗಿದೆ ಎಂದು ಬರೆದುಕೊಂಡರು. ನಾನು ಅರ್ಧ ದಿನ ರಜೆ ಹಾಕಿ ಅವಳ ಜೊತೆ ಹೊರಟೆ.

ಗೇಟಿನಿಂದ ಬಸ್ ನಿಲ್ದಾಣದ ತನಕ ನಾನು ಬಾಯಿ ಮುಚ್ಚಲಿಲ್ಲ. ಇಸ್ತ್ರಿಯ ವಂಶವನ್ನೆಲ್ಲ ಎಳೆದು ತಂದೆ. ಅವನ ಮನೆಯಲ್ಲಿ ಯಾರಾದರೂ ಬಸುರಿಯಾಗಿದ್ದರೆ ಗೊತ್ತಾಗುತ್ತಿತ್ತು ಎಂದೆ. ನಿಯಮ ಬರೆದವರನ್ನು ಬೈದೆ, ಕೇಳದ ಸರ್ಕಾರವನ್ನು ಬೈದೆ, ನೀಲಿ ಇನ್ಸ್‌ಪೆಕ್ಟರುಗಳು ತಮ್ಮ ಊರಿನ ಹೊಟ್ಟೆಗಳಿಗೆ ಮಾತ್ರ ಕಣ್ಣು ಬಿಡುತ್ತಾರೆ ಎಂದು ಅವರನ್ನೂ ಬಿಡಲಿಲ್ಲ. ನಿಲ್ದಾಣದ ತಗಡಿನ ಸೂರಿನ ಕೆಳಗೆ ಇಬ್ಬರೇ ಇದ್ದೆವು. ಬಿಸಿಲು ಕಾಲಿನ ತನಕ ಬಂದಿತ್ತು. ನಾನು ಮತ್ತೆ ಶುರು ಮಾಡಿದೆ.

"ಅಂಥವನಿಗೆ ಹೊಟ್ಟೆಗೆ ಅನ್ನ ಹೇಗೆ ಇಳಿಯುತ್ತೋ! ಗೊತ್ತಿದ್ದೂ ಗೊತ್ತಿದ್ದೂ..."

"ಅತ್ತಿಗೆ, ಅವರ ವಿಷಯ ಬಿಡಿ," ಎಂದಳು ನಾದಿನಿ. "ನಿಮಗೆ ಎಷ್ಟು ವರ್ಷದಿಂದ ಗೊತ್ತಿತ್ತು?"

"ಏನು?"

"ನೀಲಿ ಚೀಟಿಲಿ ಅದು ಇದೆ, ಹಳದಿಲಿ ಇಲ್ಲ ಅಂತ. ಎರಡನ್ನೂ ತಿದ್ದೋರು ನೀವೇ ತಾನೇ?"

ಚೀಟಿ ಹೊಸದಾಗಿ ಅಚ್ಚಾಗುವಾಗ ಪ್ರೆಸ್ಸಿನಿಂದ ಮೊದಲ ಪ್ರತಿ ನನ್ನ ಮೇಜಿಗೆ ಬರುತ್ತದೆ. ಸ್ಕೇಲನ್ನು ಸಾಲಿನ ಕೆಳಗಿಟ್ಟು, ಒಂದೊಂದೇ ಪದ ಓದಿ, ಸರಿಯಿದೆ ಎಂದು ಮೂಲೆಯಲ್ಲಿ ಸಹಿ ಹಾಕುತ್ತೇನೆ. ನೀಲಿಗೂ ಹಾಕುತ್ತೇನೆ, ಹಳದಿಗೂ ಹಾಕುತ್ತೇನೆ. ಈ ಮಾತ್ರೆ ಶುರುವಾದ ವರ್ಷ ಎರಡೂ ಒಂದೇ ದಿನ ಬಂದಿದ್ದವು. ಬಸುರಿಯರ ಚೌಕಟ್ಟು ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ ಎಂದು ಕಂಡಿದ್ದೆ. ಪ್ರೆಸ್ಸಿನವರು ಬಿಟ್ಟಿದ್ದಾರೇನೋ ಎಂದು ಇಸ್ತ್ರಿಯನ್ನು ಕೇಳಿದ್ದೆ. ಇಲ್ಲ, ಅದು ಹಾಗೇ ಎಂದಿದ್ದ. ಸರಿ ಎಂದು ಸಹಿ ಹಾಕಿ, ಊಟಕ್ಕೆ ಹೋಗಿದ್ದೆ.

"ಆರು ವರ್ಷ," ಎಂದೆ.

"ನನ್ನ ಕೆಲಸಕ್ಕೆ ಸೇರಿಸೋಕ್ಕಿಂತ ಮುಂಚೆ."

"ಹೂಂ."

"ಅಂದ್ರೆ ನಾಲ್ಕು ವರ್ಷ ನನ್ನ ಕೈಯಲ್ಲಿ ಹಾಕಿಸಿದ್ದೀರಿ."

ಅವಳು ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಬೈಗುಳಕ್ಕೆ ಬೈಗುಳ ನನ್ನ ಹತ್ತಿರ ಯಾವತ್ತೂ ಕಡಿಮೆ ಬಿದ್ದಿಲ್ಲ. ಅವಳು ಬೈಯಲಿಲ್ಲ, ತನ್ನ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡು ಸೆರಗಿಗೆ ಒರೆಸಿಕೊಂಡಳು. ಬಸ್ಸು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿ ಕಿಟಕಿಯ ಪಕ್ಕ ಕೂತಳು, ಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟಳು. ನಾನು ಹತ್ತಿ ಅವಳ ಹತ್ತಿರ ಹೋಗಿ ನಿಂತೆ. ಅವಳು ಚೀಲ ತೆಗೆಯಲಿಲ್ಲ. ಮನೆಯ ತನಕ ಕಂಬಿ ಹಿಡಿದು ನಿಂತೇ ಬಂದೆ.